ಬ್ಯಾಟರಿ ಕೊಂದವಳು ಅನ್ನಿಸಿಕೊಂಡ ಮೇಲೆ

ನನ್ನನ್ನು ಕೆಲಸದಿಂದ ತೆಗೆದದ್ದು ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದ ಪೋರ್ಟಿಕೋದಲ್ಲಿ. ಮಾರನೆಯ ದಿನದ ಮದುವೆಗೆ ಅಡಿಗೆಯವರು ಪಾತ್ರೆ ಇಳಿಸುತ್ತಿದ್ದರು, ಹೂವಿನವರು ಏಣಿ ಹತ್ತಿದ್ದರು. ಮಂಟಪದ ಯಜಮಾನಿ ಮೆಟ್ಟಿಲ ಮೇಲೆ ನಿಂತಿದ್ದರು. ಅವರ ತಮ್ಮ, ಮಂಟಪದ ಮೇಲುಸ್ತುವಾರಿ ನೋಡುವವನು, ಕಾರಿನ ಬಾನೆಟ್ಟಿನ ಮೇಲೆ ಅಂಗೈ ಬಡಿದು ಎಲ್ಲರಿಗೂ ಕೇಳುವಂತೆ ಹೇಳಿದ. ಅವನಿಗೆ ಬಹುವಚನ ಹಾಕುವ ಮನಸ್ಸು ನನಗೆ ಇಂದಿಗೂ ಇಲ್ಲ.

"ಈ ಬ್ಯಾಟರಿ ಸಾಯ್ಸಿದ್ದು ಇವಳೇ ಅಕ್ಕಾ. ಚಾರ್ಜ್ ಆಕೋಕೂ ಬರಲ್ಲ, ತೆಗ್ಯೋಕೂ ಬರಲ್ಲ. ಆಲಿನ ಟೆಂಪೋ ಓಡ್ಸ್ತಿದ್ದೋಳ್ನ ತಂದು ಇಂತಾ ಗಾಡಿ ಮೇಲೆ ಕೂರ್ಸಿದ್ರೆ ಇನ್ನೇನಾಯ್ತದೆ?"

ನಾನು ಯಜಮಾನಿಯ ಮುಖ ನೋಡಿದೆ. ಅವರನ್ನು ದೇವಸ್ಥಾನಕ್ಕೆ, ಆಸ್ಪತ್ರೆಗೆ, ನೆಂಟರ ಮನೆಗೆ ಕರೆದುಕೊಂಡು ಓಡಾಡಿದವಳು ನಾನು. ಹೆಂಗಸರಿಗೆ ಹೆಂಗಸೇ ಡ್ರೈವರ್ ಇದ್ದರೆ ಚೆನ್ನ ಎಂದು ನನ್ನನ್ನು ಹುಡುಕಿ ಕರೆದವರೂ ಅವರೇ. ಅವರು ಹೂವಿನವರ ಕಡೆ ತಿರುಗಿಕೊಂಡರು. ನಾನು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಹೊರಗೆ ನಡೆದೆ. ಯಾರೋ ಒಬ್ಬ ಅಡಿಗೆಯವನು ನಕ್ಕ ಸದ್ದು ಗೇಟಿನವರೆಗೂ ನನ್ನ ಜೊತೆ ಬಂತು.

ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಅದು ಪೆಟ್ರೋಲಿನಲ್ಲೂ ಓಡುತ್ತದೆ. ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿ ಚಾರ್ಜ್ ಮಾಡಿದರೆ ಒಂದಷ್ಟು ದೂರ ಬರೀ ಕರೆಂಟಿನಲ್ಲೂ ಓಡುತ್ತದೆ. ಪ್ಲಗ್-ಇನ್ ಹೈಬ್ರಿಡ್ ಅನ್ನುತ್ತಾರೆ. ಯಜಮಾನಿ ಅದನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ತಂದ ಹೊಸದರಲ್ಲಿ ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗಿ ವಾಪಸ್ ಬರುವಷ್ಟು ಕರೆಂಟು ಅದರೊಳಗೆ ಇರುತ್ತಿತ್ತು. ನನ್ನನ್ನು ತೆಗೆಯುವ ಹೊತ್ತಿಗೆ ಕೆಜಿಎಫ್ ಮುಟ್ಟುವ ಮೊದಲೇ ಚಾರ್ಜ್ ಬಸಿದುಹೋಗಿ ಎಂಜಿನ್ ಗುರ್ರೆನ್ನುತ್ತಿತ್ತು. ಬೆಂಗಳೂರಿನ ಸರ್ವಿಸ್ ಸೆಂಟರಿನವರು ಪರೀಕ್ಷೆ ಮಾಡಿ, ಬ್ಯಾಟರಿಯ ಶಕ್ತಿ ತೀರಾ ಇಳಿದಿದೆ, ಬಳಸಿದ ರೀತಿ ಸರಿಯಿಲ್ಲ ಅಂದಿದ್ದರು.

ಬಳಸಿದ ರೀತಿ ಯಾರದು ಎಂದು ನನಗೆ ಗೊತ್ತಿತ್ತು. ಕಾರು ಕೈಗೆ ಬಂದ ದಿನವೇ ಅದೇ ಸರ್ವಿಸ್ ಸೆಂಟರಿನಲ್ಲಿ ಕೇಳಿ ತಿಳಿದುಕೊಂಡಿದ್ದೆ. ಈ ಬ್ಯಾಟರಿಗೆ ಆಗದವು ಎರಡು: ಕಂಠಮಟ್ಟ ತುಂಬಿಕೊಂಡು ಬಿಸಿಯಲ್ಲಿ ಸುಮ್ಮನೆ ನಿಲ್ಲುವುದು, ತಳ ಕಾಣುವಷ್ಟು ಖಾಲಿಯಾಗಿ ನಿಲ್ಲುವುದು. ಯಜಮಾನಿಯ ತಮ್ಮ ಎರಡನ್ನೂ ಮಾಡಿಸುತ್ತಿದ್ದ. ಸಂಜೆ ನಾನು ಮನೆಗೆ ಹೋದ ಮೇಲೆ ಕಾರು ಅವನದು. ಏಸಿ ಹಾಕಿಕೊಂಡು ಗೆಳೆಯರ ಜೊತೆ ತಿರುಗಿ, ಪೂರ್ತಿ ಇಳಿಸಿ, ಬಿಸಿ ಆರುವ ಮೊದಲೇ ಜನರೇಟರ್ ಪಕ್ಕದ ತಗಡಿನ ಶೆಡ್ಡಿನಲ್ಲಿ ವೈರು ಚುಚ್ಚುತ್ತಿದ್ದ. ಬೆಳಗಾಗುವ ಮೊದಲೇ ತುಂಬಿದ ಬ್ಯಾಟರಿ ಮಧ್ಯಾಹ್ನದವರೆಗೂ ಹಾಗೇ ಬೇಯುತ್ತಿತ್ತು. ಮದುವೆ ಇದ್ದ ದಿನ ಮಂಟಪದ ಮುಂದೆ ಬಿಸಿಲಿನಲ್ಲಿ ಕಾರನ್ನು ಪ್ರದರ್ಶನಕ್ಕೆ ನಿಲ್ಲಿಸಿ, ಬೀಗರು ನೋಡಲಿ ಎಂದು ವೈರು ಸಿಕ್ಕಿಸಿಯೇ ಇಡುತ್ತಿದ್ದ. ಒಂದು ಸಲ ನಾನು ಹೇಳಿದೆ. ಅವನ ಗೆಳೆಯರು ಅಲ್ಲಿದ್ದರು.

"ನಂಗೇ ಯೇಳ್ಕೊಡ್ತೀಯೇನಮ್ಮಿ?" ಅಂದ. ಗೆಳೆಯರು ನಕ್ಕರು, ಅವನು ನಗಲಿಲ್ಲ. ನನ್ನ ಕೆಲಸ ಹೋದದ್ದು ನಿಜವಾಗಿ ಆ ದಿನವೇ. ಪೋರ್ಟಿಕೋದಲ್ಲಿ ಆದದ್ದು ಬರೀ ಡಂಗೂರ.

ನಮ್ಮದು ಬಂಗಾರಪೇಟೆಗೆ ಹತ್ತಿರದ ಹಳ್ಳಿ. ನನ್ನ ಗಂಡ ಸೀಮೆಹಸು ಕಟ್ಟಿಕೊಂಡು, ಇರುವ ಹೊಲದಲ್ಲಿ ಮೇವು ಬೆಳೆಯುತ್ತಾರೆ. ಅವರು ಹಸುವಿನ ಮೈ ತೊಳೆಯುತ್ತಲೇ, "ಓಗ್ಲಿ ಬುಡೇ. ಟೆಂಪೋ ಓಡ್ಸೋ ಕೆಲ್ಸ ಎಲ್ಲೂ ಓಗಿಲ್ವಲ್ಲ," ಅಂದರು. ಆದರೆ ಮರುದಿನ ಹಾಲಿನ ಡೇರಿಯ ಮುಂದೆ ಕ್ಯಾನು ಇಳಿಸುವಾಗ ಒಬ್ಬ ಮುದುಕ ತನ್ನ ಟಾರ್ಚನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ಇದ್ನ ಮುಟ್ಬೇಡ ಕಣವ್ವಾ, ಸತ್ತೋದಾತು," ಅಂದ. ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ಮುಖದಲ್ಲಿ ಇರುವಾಗಲೇ ಒಳಗೆ ಒಂದು ನಿರ್ಧಾರ ಗಟ್ಟಿಯಾಯಿತು. ಅವನು ತನ್ನ ಬಾಯಿಂದಲೇ, ತನ್ನ ಅಕ್ಕನ ಮುಂದೆಯೇ, ಇದು ತನ್ನ ಕೈಯಿಂದ ಆದದ್ದು ಎಂದು ಹೇಳಬೇಕು. ಅದಕ್ಕಿಂತ ಕಡಿಮೆ ಏನೂ ನನಗೆ ಬೇಕಾಗಿರಲಿಲ್ಲ.

ಆ ಕಾರನ್ನು ಅವರು ಬೇಗನೇ ಮಾರಿದರು. ಕೊಂಡವರು ಕೆಜಿಎಫ್ ಉರಿಗಾಂನಲ್ಲಿ, ಚಿನ್ನದ ಗಣಿಯವರು ಕಟ್ಟಿದ ಹಳೇ ಮೈನ್ಸ್ ಬಂಗಲೆಯಲ್ಲಿರುವ ಒಬ್ಬ ವಯಸ್ಸಾದ ಡಾಕ್ಟರಮ್ಮ ಎಂದು ಗ್ಯಾರೇಜಿನಲ್ಲಿ ಕೇಳಿದೆ. ಬೆಳಿಗ್ಗೆ ಆಂಡರ್ಸನ್‌ಪೇಟೆಯಲ್ಲಿ ಅವರ ಕ್ಲಿನಿಕ್, ಮಧ್ಯಾಹ್ನದ ಮೇಲೆ ಸುತ್ತಮುತ್ತಲ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಲು ಹೋಗುವುದು. ಡ್ರೈವರ್ ಬೇಕಂತೆ ಎಂಬುದೂ ಕಿವಿಗೆ ಬಿತ್ತು. ಮಾರನೆಯ ಬೆಳಿಗ್ಗೆ ಉರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆ. ಆ ಹೊತ್ತಿನಲ್ಲಿ ಆ ಕಡೆಯಿಂದ ಬರುವ ರೈಲುಗಳು ಬೆಂಗಳೂರಿನ ಕೆಲಸಕ್ಕೆ ಹೋಗುವವರಿಂದ ಬಿರಿಯುತ್ತಿರುತ್ತವೆ. ಆ ಕಡೆಗೆ ಹೋಗುವ ರೈಲಿನಲ್ಲಿ ಕಾಲು ಚಾಚಿ ಕೂರಬಹುದು.

ಡಾಕ್ಟರಮ್ಮ ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದರು. ಮನೆಮಾತು ತಮಿಳು, ಕನ್ನಡದೊಳಗೆ ಅದು ಬಂದು ಹೋಗುತ್ತಿತ್ತು.

"ನೀ ತಾನೇ ಆ ಬ್ಯಾಟರಿ ಡ್ರೈವರು?" ಅಂದರು. ಸುದ್ದಿ ನನಗಿಂತ ಮೊದಲ ರೈಲಿಗೇ ಹೋಗಿತ್ತು.

"ಊ ಡಾಕ್ಟರಮ್ಮ."

"ನೀನೇ ಸಾಯಿಸಿದ್ದಾ?"

"ಅಲ್ಲ."

"ಮತ್ತೆ ಇಲ್ಲಿಗೆ ಯಾಕಮ್ಮಾ ಬಂದೆ? ಊರಲ್ಲಿ ಬೇರೆ ಗಾಡಿ ಇಲ್ವಾ?"

"ನಂಗೆ ಈ ಗಾಡೀನೇ ಬೇಕು. ನನ್ ಎಸ್ರು ಇದ್ರೊಳಗೇ ಸಿಗಾಕ್ಕೊಂಡೈತೆ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಕೋಪಮಾ?"

"ಕೋಪಾನೇ."

"ನಲ್ಲದು," ಅಂದರು, ಒಳ್ಳೆಯದೇ ಎಂಬಂತೆ ತಲೆಯಾಡಿಸಿ. "ಕೋಪ ಇರೋರು ಕೆಲಸ ಮರೆಯಲ್ಲ. ನಾಳೆಯಿಂದ ಬಾ."

ಮೊದಲ ದಿನವೇ ಕಾರು ಚಾರ್ಜ್ ತೆಗೆದುಕೊಳ್ಳಲಿಲ್ಲ. ವೈರು ಸಿಕ್ಕಿಸಿದರೆ ಅದರ ಡಬ್ಬಿಯಲ್ಲಿ ಕೆಂಪು ದೀಪ. ಮಂಟಪದವನಿಗೆ ಗೊತ್ತಾದರೆ ಇವಳು ಕಾಲಿಟ್ಟಲ್ಲೆಲ್ಲ ಹೀಗೇ ಅನ್ನುತ್ತಾನೆ. ಆಂಡರ್ಸನ್‌ಪೇಟೆಯಿಂದ ಎಲೆಕ್ಟ್ರಿಷಿಯನ್‌ನನ್ನು ಕರೆತಂದೆ. ಆತ ಪರೀಕ್ಷೆ ಮಾಡಿ, ತಪ್ಪು ಕಾರಿನದಲ್ಲ, ಮನೆಯದು ಅಂದ. ಬಂಗಲೆ ಕಟ್ಟಿದ ಕಾಲದ ವೈರಿಂಗು. ಅರ್ತಿಂಗ್ ಎಂಬುದು ಹೆಸರಿಗೆ ಮಾತ್ರ ಇತ್ತು. ಹಿತ್ತಲಿನಲ್ಲಿ ಹೂತಿದ್ದ ಅರ್ತ್ ಪೈಪಿನ ಸುತ್ತ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅರ್ತ್ ಸರಿಯಿಲ್ಲದಿದ್ದರೆ ಕಾರು ತಾನಾಗಿಯೇ ಕರೆಂಟನ್ನು ಬೇಡ ಅನ್ನುತ್ತದೆ.

ಬಚ್ಚಲ ನೀರು ಹರಿದು ನೆಲ ಸದಾ ತೇವವಿರುವ ಕಡೆ ಹೊಸ ಗುಂಡಿ ತೋಡಿಸಿದೆವು. ಕೆಜಿಎಫ್ ನೆಲವಲ್ಲವೇ, ಎರಡು ಮೊಳ ಹೋಗುವುದರೊಳಗೆ ಹಾರೆ ಠಣ್ಣೆಂದಿತು. ಬಂಡೆ ಬಿಟ್ಟು ಪಕ್ಕಕ್ಕೆ ಸರಿದು ಮತ್ತೆ ತೋಡಿ, ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಮೀಟರ್ ಬೋರ್ಡಿನಿಂದ ಕಾರಿಗೆಂದೇ ಬೇರೆ ದಪ್ಪ ವೈರು ಎಳೆಸಿದೆವು. ಆಮೇಲೆ ಹಸಿರು ದೀಪ ಹತ್ತಿತು. ನಾನು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸುಮ್ಮನೆ ನೋಡಿದೆ.

ಎರಡನೆಯ ಕೆಲಸ ಗಾಳಿಯದು. ಈ ಕಾರಿನಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಹಿಂದಿನ ಸೀಟಿನ ಪಕ್ಕದ ಒಂದು ಜಾಲರಿಯಿಂದ ಒಳಗೆ ಹೋಗುತ್ತದೆ. ನಾನಿದ್ದಾಗ ಅದನ್ನು ತಪ್ಪದೆ ಒರೆಸುತ್ತಿದ್ದೆ. ಈಗ ಬಿಚ್ಚಿದರೆ ಧೂಳಿನ ಜೊತೆ ಅಕ್ಷತೆ ಕಾಳು, ಮಿರುಗುವ ಕಾಗದದ ಚೂರು, ಒಣಗಿದ ಗುಲಾಬಿ ಎಸಳು ಮೆತ್ತಿಕೊಂಡಿದ್ದವು. ನನ್ನನ್ನು ಕಳಿಸಿದ ಮೇಲೆ ಮಾರುವವರೆಗೂ ಮಂಟಪದವನು ಮದುಮಕ್ಕಳನ್ನು ಕೂರಿಸಿಕೊಂಡು ತಿರುಗಿದ್ದಾನೆ. ಸತ್ತದ್ದಕ್ಕೆ ನನ್ನನ್ನು ಹೊಣೆ ಮಾಡಿದವನು ಆಮೇಲೆ ಅದರ ಉಸಿರಾಡುವ ಮೂಗಿಗೂ ಅಕ್ಷತೆ ತುಂಬಿದ್ದ. ಬ್ರಷ್ಷಿನಿಂದ ಒಂದೊಂದೇ ಕಾಳು ಕೆದಕಿ ತೆಗೆಯುತ್ತಾ ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಆಮೇಲೆ ಶುರುವಾದದ್ದು ನಿತ್ಯದ ಶಿಸ್ತು. ಕಾರನ್ನು ಬಂಗಲೆಯ ತಗಡಿನ ಶೆಡ್ಡಿನಿಂದ ತೆಗೆದು ಬೇವಿನ ಮರದ ನೆರಳಿಗೆ ತಂದೆ. ಬೇಸಿಗೆಯಲ್ಲಿ ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ಸೈನೈಡ್ ದಿಬ್ಬಗಳ ಕಡೆಯಿಂದ ಬೂದಿಯಂಥ ಧೂಳು ಎದ್ದು ಬರುತ್ತದೆ, ಅದಕ್ಕೆ ಹೊದಿಕೆ ಹಾಕಿದೆ. ಸಂಜೆ ಬಂದ ಕೂಡಲೇ ಚಾರ್ಜಿಗೆ ಹಾಕುತ್ತಿರಲಿಲ್ಲ. ಮೈ ಬಿಸಿ ಆರಲಿ ಎಂದು ಬಿಡುತ್ತಿದ್ದೆ. ಬೆಳಿಗ್ಗೆ ರೈಲಿಳಿದು ಬಂದವಳೇ ವೈರು ಸಿಕ್ಕಿಸುತ್ತಿದ್ದೆ. ಡಾಕ್ಟರಮ್ಮ ಸ್ನಾನ, ತಿಂಡಿ, ಪೂಜೆ ಮುಗಿಸಿ ಬರುವ ಹೊತ್ತಿಗೆ ಮುಕ್ಕಾಲು ತುಂಬಿರುತ್ತಿತ್ತು. ಇಂತಿಷ್ಟಕ್ಕೆ ನಿಲ್ಲು ಎಂದು ಹೇಳುವ ಸೌಕರ್ಯ ಈ ಕಾರಿನಲ್ಲಿ ಇಲ್ಲ, ಆದ್ದರಿಂದ ನಾನೇ ಕಾದು ಕೀಳುತ್ತಿದ್ದೆ. ಇಳಿಯುವಾಗಲೂ ಕಾಲು ಭಾಗಕ್ಕಿಂತ ಕೆಳಗೆ ಬಿಡುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಮಾತ್ರ, ಒಳಗಿನ ಸೆಲ್‌ಗಳೆಲ್ಲ ಸಮಕ್ಕೆ ಬರಲಿ ಎಂದು ನಿಧಾನವಾಗಿ ಪೂರ್ತಿ ತುಂಬಿಸಿ, ತುಂಬಿದ ಕೂಡಲೇ ಹೊರಟುಬಿಡುತ್ತಿದ್ದೆ. ಕೋಲಾರದ ಕಡೆ ದೊಡ್ಡ ರಸ್ತೆಗೆ ಹೋದಾಗ ಒಂದು ಗುಂಡಿ ಒತ್ತಿ ಕರೆಂಟನ್ನು ಹಿಡಿದಿಟ್ಟು ಪೆಟ್ರೋಲಿನಲ್ಲಿ ಓಡಿಸುವುದು. ಹಳ್ಳಿಯ ಬೀದಿ, ಆಂಡರ್ಸನ್‌ಪೇಟೆಯ ಆಟೋ ಸಂದಣಿಯೊಳಗೆ ಕರೆಂಟು. ಇಳಿಜಾರಿನಲ್ಲಿ ಕಾರು ತಾನೇ ಚೂರು ಚಾರ್ಜ್ ಮಾಡಿಕೊಳ್ಳುತ್ತದೆ, ಅದಕ್ಕೂ ಒಳಗೆ ಜಾಗ ಉಳಿದಿರಬೇಕು.

ಮೊದಮೊದಲು ಫಲ ಕಂಡಿತು. ಕರೆಂಟಿನಲ್ಲಿ ಓಡಬಹುದು ಎಂದು ಪರದೆ ತೋರಿಸುವ ದೂರ ಸ್ವಲ್ಪ ಸ್ವಲ್ಪ ಏರಿತು. ನನ್ನ ತಲೆಯೊಳಗೆ ಒಂದು ಚಿತ್ರ ಕೂತುಬಿಟ್ಟಿತ್ತು: ಈ ಕಾರನ್ನು ಮೊದಲಿನಂತೆ ಮಾಡಿ, ಮುಹೂರ್ತದ ದಿನ ಮಂಟಪದ ಮುಂದೆ ಸದ್ದಿಲ್ಲದೆ ತಂದು ನಿಲ್ಲಿಸುವುದು. ಆದರೆ ಏರಿದ್ದು ಒಂದು ಕಡೆ ನಿಂತೇಹೋಯಿತು. ಡಾಕ್ಟರಮ್ಮನನ್ನೂ ಕೂರಿಸಿಕೊಂಡು ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಒಯ್ದೆ. ಪರೀಕ್ಷೆ ಮಾಡಿದ ಹುಡುಗಿ ಸಮಾಧಾನದಿಂದಲೇ ಹೇಳಿದಳು.

"ಹೋಗಿದ್ದು ವಾಪಸ್ ಬರಲ್ಲ ಅಕ್ಕ. ಗಾಡಿ ಲೆಕ್ಕ ತಪ್ಪಿ ಕಮ್ಮಿ ತೋರಿಸ್ತಿತ್ತು, ಅದು ಸರಿಹೋಗಿದೆ, ಅಷ್ಟೇ. ಉಳಿದಿರೋದನ್ನ ನೀವು ಉಳಿಸ್ಕೋಬಹುದು."

ವಾಪಸ್ ಬರುವಾಗ ಹೊಸಕೋಟೆ ದಾಟಿದ ಮೇಲೆ ಡಾಕ್ಟರಮ್ಮ ಕೇಳಿದರು.

"ಏನಮ್ಮಾ, ಮುಖ ಹಿಂಗೆ?"

"ಅವ್ನು ಸಾಯ್ಸಿದ್ದು ಸತ್ತೇ ಓಯ್ತಂತೆ ಡಾಕ್ಟರಮ್ಮ. ನಾನೇನ್ ಮಾಡಿದ್ರೂ ಬರಲ್ವಂತೆ."

"ಸಕ್ಕರೆ ಕಾಯಿಲೆಯಲ್ಲಿ ಹೋದ ಕಣ್ಣೂ ಬರಲ್ಲ. ನಾವು ಇರೋ ಕಣ್ಣು ಉಳಿಸ್ತೀವಿ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ. ಆದ್ರೆ ಆ ಮನುಷ್ಯ ಸಾಯೋ ತನಕ ತನ್ನ ತಟ್ಟೆ ತಾನೇ ನೋಡಿಕೊಂಡು ಊಟ ಮಾಡ್ತಾನೆ."

ಆ ಮಾತು ನನಗೆ ಸಮಾಧಾನ ಕೊಡಲಿಲ್ಲ. ನನಗೆ ಬೇಕಾಗಿದ್ದದ್ದು ಚಪ್ಪಾಳೆಯೇ. ಆದರೂ ಶಿಸ್ತು ಬಿಡಲಿಲ್ಲ. ಇನ್ನು ಒಂದು ಕೂದಲೆಳೆಯಷ್ಟೂ ಇಳಿಯಬಾರದು ಎಂದು ಹಟ ಹಿಡಿದೆ.

ಅಷ್ಟರಲ್ಲಿ ಯಜಮಾನಿ ಅಂಥದೇ ಇನ್ನೊಂದು ಕಾರು ಕೊಂಡಿದ್ದರು. ಅದೂ ಸೆಕೆಂಡ್ ಹ್ಯಾಂಡ್, ವಾರಂಟಿ ಮುಗಿದದ್ದು, ಆದರೆ ಬ್ಯಾಟರಿ ಚೆನ್ನಾಗಿದ್ದದ್ದು. ಡಾಕ್ಟರಮ್ಮನನ್ನು ಬಂಗಾರಪೇಟೆಗೆ ಕರೆದೊಯ್ಯುವಾಗೆಲ್ಲ ನಾನು ಬೇಕೆಂದೇ ಮಂಟಪದ ಮುಂದಿನ ರಸ್ತೆ ಹಿಡಿಯುತ್ತಿದ್ದೆ. ಕಾರು ನಡುಮಧ್ಯಾಹ್ನದ ಬಿಸಿಲಿನಲ್ಲಿ ವೈರು ಕಚ್ಚಿಕೊಂಡು ನಿಂತಿರುವುದು ಕಂಡರೆ ನನಗೆ ತಣ್ಣನೆಯ ಮಜ್ಜಿಗೆ ಕುಡಿದಂತಾಗುತ್ತಿತ್ತು. ಬೇಯಲಿ, ಚೆನ್ನಾಗಿ ಬೇಯಲಿ ಅಂದುಕೊಳ್ಳುತ್ತಿದ್ದೆ. ದೇವರ ಮುಂದೆ ನಿಂತಾಗಲೂ ಅದನ್ನೇ ಕೇಳಿಕೊಂಡಿದ್ದುಂಟು.

ಆ ಕಾರಿನ ಹೊಸ ಡ್ರೈವರ್ ಒಂದು ದಿನ ಬಂಗಾರಪೇಟೆ ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಸಿಕ್ಕ. ಬೂದಿಕೋಟೆ ಕಡೆಯವನು, ನನ್ನ ವಾರಗೆಯವನೇ. ಕೂಲಿ ಮಾಡಿಕೊಂಡಿದ್ದು ಬಹಳ ಕಷ್ಟಪಟ್ಟು ಲೈಸೆನ್ಸ್ ಮಾಡಿಸಿದವನು. ತಾನಾಗಿಯೇ ಹತ್ತಿರ ಬಂದ.

"ಅಕ್ಕಾ, ನೀನೇ ತಾನೆ ಮೊದ್ಲು ಅಲ್ಲಿದ್ದೋಳು? ಚಾರ್ಜು ದಿನಾ ಬೇಗ್ಬೇಗ ಇಳೀತೈತೆ. ಏನ್ ಮಾಡೋದಂತ ತಿಳೀತಿಲ್ಲ."

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಮುಕ್ಕಾಲಿಗೆ ತೆಗಿ, ನೆರಳಿಗೆ ನಿಲ್ಲಿಸು, ಬಿಸಿ ಇದ್ದಾಗ ಚುಚ್ಚಬೇಡ. ಅವನು ತಲೆ ಕೆರೆದುಕೊಂಡ.

"ಮಾಡ್ದೆ ಅಕ್ಕಾ, ಒಂದ್ ದಿನ ತೆಗ್ದೆ. ತಮ್ಮಾವ್ರು ಬಂದು, ಯಾವನ್ಲಾ ವೈರು ಕಿತ್ತೋನು, ಫುಲ್ ಆಗ್ದಿದ್ರೆ ಬ್ಯಾಟರಿ ಕೆಡ್ತದೆ ಗೊತ್ತೇನ್ಲಾ ಅಂತ ಬೈದು, ಅವ್ರೇ ತಿರ್ಗ ಚುಚ್ಚಿದ್ರು."

ನನ್ನ ಕೈಯಲ್ಲಿದ್ದ ಟೀ ಆರಿತು. ಇಷ್ಟು ದಿನ ಆ ಕಾರು ಸಾಯಲಿ ಎಂದು ಕೋರಿಕೊಂಡಿದ್ದೆ. ಸತ್ತರೆ ಯಾರ ತಲೆಗೆ ಕಟ್ಟುತ್ತಾರೆ ಎಂದು ಯೋಚಿಸಿರಲಿಲ್ಲ. ಅದೇ ಪೋರ್ಟಿಕೋ, ಅದೇ ಬಾನೆಟ್ಟು, ನನ್ನ ಜಾಗದಲ್ಲಿ ಈ ಬೂದಿಕೋಟೆಯವನು. ಯಜಮಾನಿಯ ತಮ್ಮ ಮಾತ್ರ ಮತ್ತೆ ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಾನೆ. ಹಾಗಾಗಲು ನಾನು ಬಿಡಬಾರದು. ನನ್ನ ಸೇಡು ಬೇರೆಯವನ ಬೆನ್ನಿಗೆ ಬಿದ್ದರೆ ಅದು ಸೇಡೇ ಅಲ್ಲ, ನಷ್ಟ.

ದಾರಿ ತಾನಾಗಿಯೇ ಸಿಕ್ಕಿತು. ಯಜಮಾನಿಯ ಮಂಡಿ ಊದಿಕೊಂಡು, ಮಂಟಪಕ್ಕೇ ಬಂದು ನೋಡಿ ಎಂದು ಡಾಕ್ಟರಮ್ಮನಿಗೆ ಹೇಳಿಕಳಿಸಿದರು. ನಾವು ಮಂಟಪದ ಅಂಗಳಕ್ಕೆ ಹೋಗಿ ನಿಂತಾಗ ತಮ್ಮ ಎಲ್ಲರೆದುರು ಆ ಡ್ರೈವರನನ್ನು ಗದರುತ್ತಿದ್ದ. ಯಜಮಾನಿ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಕೆಲಸದವರು ಕಸಬರಿಗೆ ಹಿಡಿದು ನೋಡುತ್ತಿದ್ದರು.

"ಇವ್ನೂ ಅವಳಂಗೇ ಅಕ್ಕಾ. ಈ ಡ್ರೈವರ್‌ಗಳಿಗೆ ಚಾರ್ಜ್ ಮಾಡೋ ಬುದ್ಧೀನೇ ಇಲ್ಲ."

ಡಾಕ್ಟರಮ್ಮ ಮಂಡಿ ಒತ್ತಿ ನೋಡಿ, ಚೀಟಿ ಬರೆದು ಮುಗಿಸುವವರೆಗೂ ನಾನು ಕಾದೆ. ಆಮೇಲೆ ಮುಂದೆ ಬಂದೆ.

"ಅಮ್ಮಾ, ಒಂದ್ ಮಾತು."

"ನಿನ್ನ ಯಾರೂ ಕೇಳಿಲ್ಲ," ಅಂದ ತಮ್ಮ.

ನಾನು ಅವನ ಕಡೆ ನೋಡಲಿಲ್ಲ. "ಡ್ರೈವರ್‌ಗಳಿಗೆ ಚಾರ್ಜ್ ಮಾಡೋಕೆ ಬರಲ್ಲ ಅಂತ ಇವ್ರು ಯೇಳ್ತಾವ್ರೆ. ಇರ್ಬೋದಮ್ಮಾ, ನಾವು ಓದಿದೋರಲ್ಲ. ಅಂಗಾದ್ರೆ ಇವತ್ನಿಂದ ವೈರು ಇವ್ರ ಕೈಲೇ ಇರ್ಲಿ. ಆಕೋದೂ ಇವ್ರೇ, ತೆಗ್ಯೋದೂ ಇವ್ರೇ. ಡ್ರೈವರು ಬರೀ ಓಡ್ಸ್ಲಿ, ವೈರು ಮುಟ್ಟೋದೇ ಬ್ಯಾಡ. ಆಗ ಬ್ಯಾಟರಿ ಯಾರ್ ಕೈಲೂ ಕೆಡಲ್ವಲ್ಲ?"

ಯಜಮಾನಿ ತಮ್ಮನನ್ನು ನೋಡಿದರು. ಕಸಬರಿಗೆ ಹಿಡಿದವರೂ ನೋಡಿದರು.

"ಓ, ಅಷ್ಟೇ ತಾನೆ? ನಾನೇ ಆಕ್ತೀನಿ. ನೋಡ್ಕಂಡಿರಿ, ಯಂಗಿರ್ತದೆ ಅಂತ," ಎಂದು ತಮ್ಮ ಡ್ರೈವರನ ಕೈಯಿಂದ ವೈರಿನ ಚೀಲ ಕಿತ್ತುಕೊಂಡ.

ಬೂದಿಕೋಟೆಯವನ ಮುಖದಲ್ಲಿ ಜೀವ ಬಂತು. ನನಗೆ ಕುಣಿಕೆ ಬಿಗಿದ ಹಗ್ಗ ಕೈಗೆ ಸಿಕ್ಕಂತಾಯಿತು. ವಾಪಸ್ ಹೊರಟಾಗ ಡಾಕ್ಟರಮ್ಮ ಹಿಂದಿನ ಸೀಟಿನಿಂದ ಕೇಳಿದರು.

"ಈಗ ನೀ ಮಾಡಿದ್ದು ಏನಮ್ಮಾ? ನ್ಯಾಯವಾ, ಸೇಡಾ?"

"ಎಲ್ಡೂ ಒಂದೇ ರೋಡ್ನಾಗೆ ಓಗ್ತಾ ಅವೆ ಡಾಕ್ಟರಮ್ಮ. ಯಾವ್ದು ಮುಂದೆ ಯಾವ್ದು ಹಿಂದೆ ಅಂತ ನಂಗೂ ತಿಳೀದು."



ನಾನು ಮುಂದೆ ಮಾಡಬೇಕಾದ್ದು ಏನೂ ಇರಲಿಲ್ಲ. ಬೇಸಿಗೆ ಬಂತು. ತಮ್ಮ ತನ್ನ ಹಟದಲ್ಲಿ ಇನ್ನೂ ಹೆಚ್ಚು ಚುಚ್ಚಿದ. ಚಾರ್ಜ್ ಸ್ವಲ್ಪ ಇಳಿದರೂ ಓಡಿಬಂದು ತುಂಬಿಸುತ್ತಿದ್ದನಂತೆ. ಸಂಜೆಗೆ ಮತ್ತೆ ಪೂರ್ತಿ ಬಸಿಯುತ್ತಿದ್ದನಂತೆ. ಇದನ್ನು ಬೂದಿಕೋಟೆಯವನು ಟೀ ಅಂಗಡಿಯಲ್ಲಿ ಹೇಳುವಾಗ ನಾನು ಇನ್ನೊಂದು ಟೀ ತರಿಸುತ್ತಿದ್ದೆ. ಬೇವಿನ ನೆರಳಿನಲ್ಲಿದ್ದ ನಮ್ಮ ಕಾರು ಮಾತ್ರ ಇದ್ದಲ್ಲೇ ಇತ್ತು. ಏರಲೂ ಇಲ್ಲ, ಇಳಿಯಲೂ ಇಲ್ಲ.

ಕಾಮಸಮುದ್ರದ ಕಡೆ ಒಬ್ಬ ರೋಗಿಯನ್ನು ನೋಡಿಕೊಂಡು ಡಾಕ್ಟರಮ್ಮನನ್ನು ವಾಪಸ್ ಕರೆತರುತ್ತಿದ್ದ ಮಧ್ಯಾಹ್ನ ಅದು. ಟಾರು ಕರಗಿ ಹೊಳೆಯುತ್ತಿತ್ತು. ತಿರುವಿನಲ್ಲಿ ಮಂಟಪದ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ತಮ್ಮ ಫೋನನ್ನು ಆಕಾಶಕ್ಕೆ ಹಿಡಿದು ಸಿಗ್ನಲ್ ಹುಡುಕುತ್ತಿದ್ದ. ಹುಣಸೆ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಯಜಮಾನಿ, ಸೆರಗು ತಲೆಗೆ ಹೊದ್ದು, ಊದಿದ ಕಾಲನ್ನು ಮುಂದೆ ಚಾಚಿ ಕೂತಿದ್ದರು. ನೆಂಟರ ಮನೆಗೆ ಹೊರಟವರು. ಡ್ರೈವರನಿಗೆ ರಜೆ ಕೊಟ್ಟು ತಮ್ಮನೇ ಓಡಿಸಿಕೊಂಡು ಬಂದಿದ್ದ.

ನಾನು ನಿಲ್ಲಿಸಿ ಇಳಿದು ಒಳಗೆ ಇಣುಕಿದೆ. ಬ್ಯಾಟರಿಯ ಕೆಂಪು ಗುರುತು ಉರಿಯುತ್ತಿತ್ತು. ಈ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನನ್ನು ಎಬ್ಬಿಸುವುದೂ ಆ ದೊಡ್ಡ ಬ್ಯಾಟರಿಯೇ. ಅದು ಪೂರ್ತಿ ಕೈಕೊಟ್ಟರೆ ಟ್ಯಾಂಕಿನ ತುಂಬ ಪೆಟ್ರೋಲ್ ಇದ್ದರೂ ಕಾರು ಕಲ್ಲು.

"ಸ್ಟಾರ್ಟೇ ಆಗ್ತಿಲ್ಲ," ಅಂದ ತಮ್ಮ, ನನ್ನ ಕಡೆ ನೋಡದೆ.

"ಆಗಲ್ಲ," ಅಂದೆ.

ಡಾಕ್ಟರಮ್ಮ ಯಜಮಾನಿಯನ್ನು ಕೈಹಿಡಿದು ಎಬ್ಬಿಸಿ ಹಿಂದಿನ ಸೀಟಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ನೀರು ಕೊಟ್ಟರು. ಉಳಿದದ್ದು ನನ್ನ ಪಕ್ಕದ ಸೀಟು. ನಾನು ಬಾಗಿಲು ತೆರೆದು ಹಿಡಿದೆ. ತಮ್ಮ ಬಂದು ಕೂತ. ಒಂದು ಕಾಲದಲ್ಲಿ ಅವನೇ ತನ್ನದೆಂದು ಮೆರೆಸಿ, ಸತ್ತಿತು ಎಂದು ಮಾರಿಸಿದ್ದ ಕಾರಿನೊಳಗೆ.

ಆ ದಿನ ಬೆಳಿಗ್ಗೆ ಕೋಲಾರಕ್ಕೆ ಹೋಗಿಬರುವಾಗ ಚಾರ್ಜನ್ನು ಹಿಡಿದಿಟ್ಟಿದ್ದೆ, ಬ್ಯಾಟರಿಯಲ್ಲಿ ಉಳಿದಿತ್ತು. ಕಾರು ಸದ್ದಿಲ್ಲದೆ ಹೊರಟಿತು. ಎಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ಮನುಷ್ಯರು ಉಗುಳು ನುಂಗುವುದೂ ಕೇಳಿಸುತ್ತದೆ. ಎಂಜಿನ್ ಹಾಕುವ ಗುಂಡಿ ನನ್ನ ಬೆರಳ ಹತ್ತಿರವೇ ಇತ್ತು. ಒತ್ತಿದ್ದರೆ ಆ ಮೌನ ಮುರಿದು ಅವನಿಗೊಂದು ಆಸರೆ ಸಿಗುತ್ತಿತ್ತು. ನಾನು ಒತ್ತಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಯಜಮಾನಿ ಕೇಳಿದರು. "ಇದು ನಮ್ ಗಾಡೀನೇ ಅಲ್ವೇನಮ್ಮಾ? ಕರೆಂಟಲ್ಲೇ ಓಡ್ತಾ ಐತಾ?"

"ಊ ಅಮ್ಮಾ, ಕರೆಂಟಲ್ಲೇ."

ಆಮೇಲೆ ಯಜಮಾನಿ, ಧ್ವನಿ ಏರಿಸದೆ, ತಮ್ಮನನ್ನು ಕೇಳಿದರು.

"ಆ ಗಾಡಿ ವೈರು ಯಾರ ಕೈಲಿತ್ತಪ್ಪಾ?"

"ಈ ಸಾರಿ ಬಿಸ್ಲು ಜಾಸ್ತಿ ಅಕ್ಕಾ. ಬಿಸ್ಲಿಗೆ ಯಾವ್ ಬ್ಯಾಟರಿ ತಾನೆ..."

"ಬಿಸ್ಲು ಈ ಗಾಡಿಗೂ ಇತ್ತು."

ಅವನು ಕಿಟಕಿಯ ಕಡೆ ತಿರುಗಿದ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿದ್ದದ್ದು ಕನ್ನಡಿ ಬೇಡದೆಯೇ ನನಗೆ ಕಾಣುತ್ತಿತ್ತು.

"ಯಾರ ಕೈಲಿತ್ತು ಅಂತ ಕೇಳ್ದೆ."

"ನನ್ ಕೈಲೇ ಇತ್ತು ಅಕ್ಕಾ."

"ಅದಕ್ಕೆ ಮುಂಚೆ? ಇವಳಿದ್ದಾಗ?"

ಈ ಪ್ರಶ್ನೆ ನಾನು ಕೇಳಬೇ​ಕೆಂದಿದ್ದದ್ದು. ಅವರೇ ಕೇಳಿದರು. ನಾನು ವೇಗ ತಗ್ಗಿಸಿದೆ. ಬಂಗಾರಪೇಟೆ ಬೇಗ ಬಂದುಬಿಡುವುದು ನನಗೆ ಬೇಕಿರಲಿಲ್ಲ.

"ಆಗ್ಲೂ... ಸಂಜೆ ಒತ್ತು ನಾನೇ ಆಕ್ತಿದ್ದೆ."

ನನ್ನ ಕಣ್ಣಲ್ಲಿ ನೀರು ಬರಬಹುದು ಎಂದು ಅಂದುಕೊಂಡಿದ್ದೆ. ಬರಲಿಲ್ಲ. ಎದೆಯಲ್ಲಿ ಒಂದು ಸಿಹಿ ಮೆಲ್ಲಗೆ ಹರಡಿತು, ಅಷ್ಟೇ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ.

ಮಂಟಪದ ಮುಂದೆ ಇಳಿದಾಗ ಯಜಮಾನಿ ನನ್ನ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣಮ್ಮಾ. ಅವತ್ತು ನಾನೊಂದ್ ಮಾತು ಕೇಳ್ಬೇಕಾಗಿತ್ತು. ವಾಪಸ್ ಬಂದ್ಬುಡು."

ಪರವಾಗಿಲ್ಲ ಎಂದು ನಾನು ಹೇಳಲಿಲ್ಲ. ಪರವಾಗಿಲ್ಲ ಅನ್ನುವಂಥದ್ದಲ್ಲ ಅದು. "ಬರಲ್ಲಮ್ಮಾ. ನಿಮ್ ಡ್ರೈವರು ಒಳ್ಳೇನು, ಅವ್ನ್ನ ಬಿಡ್ಬ್ಯಾಡಿ. ಆದ್ರೆ ಒಂದು ಕೇಳ್ತೀನಿ. ಆ ಗಾಡಿಗೆ ಹೊಸ ಬ್ಯಾಟರಿ ಆಕ್ಸಿದ ಮೇಲೂ ವೈರು ಇವ್ರ ಕೈಲೇ ಇರ್ಲಿ. ಯಂಗೆ ಆಕ್ಬೇಕು, ಯಾವಾಗ ತೆಗೀಬೇಕು ಅಂತ ಇವ್ರು ಉರಿಗಾಂಗೆ ಬಂದು ನನ್ನತ್ರ ಕಲೀಲಿ."

ತಮ್ಮ ತಲೆಯೆತ್ತಿ ಅಕ್ಕನನ್ನು ನೋಡಿದ. ಯಜಮಾನಿ ಅವನ ಕಡೆ ತಿರುಗಲೂ ಇಲ್ಲ. "ಬತ್ತಾನೆ," ಅಂದರು.

ಬಂದ. ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ, ನಾನು ಕೂತ ಡಬ್ಬಿ ಬಿಟ್ಟು ಬೇರೆ ಡಬ್ಬಿಯಲ್ಲಿ. ಬಂಗಲೆಯ ಗೇಟಿನೊಳಗೆ ಕೈ ಹಿಂದೆ ಕಟ್ಟಿಕೊಂಡು ನಿಂತ. ನಾನು ವೈರು ಅವನ ಕೈಗೆ ಕೊಟ್ಟು ಎಲ್ಲವನ್ನೂ ಮಾಡಿಸಿದೆ: ಟೈರಿನ ಹತ್ತಿರ ಅಂಗೈ ಇಟ್ಟು ಬಿಸಿ ಆರಿದೆಯೇ ನೋಡುವುದು, ದೀಪದ ಬಣ್ಣ ನೋಡುವುದು, ಮುಕ್ಕಾಲು ಎಂದರೆ ಪರದೆಯ ಮೇಲೆ ಎಲ್ಲಿಗೆ ಎಂದು ಬೆರಳಿಟ್ಟು ತೋರಿಸುವುದು, ಜಾಲರಿ ಬಿಚ್ಚಿ ಒರೆಸುವುದು. ತಪ್ಪಿದರೆ ಮೊದಲಿನಿಂದ ಮಾಡಿಸಿದೆ. ಒಂದೂ ಬಿಡದೆ ಹೇಳಿಕೊಟ್ಟೆ. ಪಾಠ ಪೂರ್ತಿ ಆಗುವವರೆಗೂ ಹಲವು ಬೆಳಗು ಬರಿಸಿಕೊಂಡೆ.

ಕೊನೆಯ ದಿನ ಅವನು ಹೋದ ಮೇಲೆ ಡಾಕ್ಟರಮ್ಮ ಕಿಟಕಿಯಿಂದ ಕೇಳಿದರು. "ಇಷ್ಟು ಸೇಡು ಇಟ್ಕೊಂಡು ಎಲ್ಲಾನೂ ಯಾಕಮ್ಮಾ ಹೇಳಿಕೊಟ್ಟೆ? ಒಂದು ಬಿಟ್ಟಿದ್ರೆ ಆಗ್ತಿತ್ತಲ್ಲ?"

"ಒಂದ್ ಬಿಟ್ಟಿದ್ರೆ ಬ್ಯಾಟರಿ ಕೆಟ್ಟು ಬೇಗ ಮುಗ್ದೋಗೋದು ಡಾಕ್ಟರಮ್ಮ. ಎಲ್ಲಾ ಸರಿಯಾಗಿ ಕಲ್ತ್ರೆ ಬ್ಯಾಟರಿ ಬಾಳ ದಿನ ಬತ್ತದೆ. ಅದು ಇರೋಗಂಟ ದಿನಾ ಬೆಳಗೆದ್ದು ಅವ್ನು ನಾನ್ ಯೇಳಿದಂಗೇ ಮಾಡ್ಬೇಕು."

ಡಾಕ್ಟರಮ್ಮನಿಗೆ ಬಂಗಾರಪೇಟೆಯಲ್ಲಿ ಬೆಳಗಿನ ಕೆಲಸವಿದ್ದ ದಿನ ನಾನು ಈಗಲೂ ಆ ರಸ್ತೆಯಲ್ಲೇ ಹೋಗುತ್ತೇನೆ. ಮಂಟಪದ ಕಾರು ನೆರಳಿನಲ್ಲಿ ನಿಂತಿರುತ್ತದೆ. ಅವನು ಲುಂಗಿ ಎತ್ತಿ ಕಟ್ಟಿ, ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಮುಕ್ಕಾಲಾಗುವುದನ್ನೇ ಕಾಯುತ್ತಿರುತ್ತಾನೆ. ನಾನು ಒಂದು ಸಲ ಹಾರ್ನ್ ಒತ್ತುತ್ತೇನೆ. ಅವನು ತಲೆ ಎತ್ತುವುದಿಲ್ಲ.